ಬಲಗಡೆ ಜೇಬಿನ ಮನುಷ್ಯ

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು ಒಬ್ಬ ಹೆಂಗಸಿಗೆ ಅನ್ನದಾನ ಮಾಡಲು ಹೋಗಿ ಪೆಚ್ಚಾದ.

ನಗರಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಅವನದು ಮೊಹರು ಒತ್ತುವ ಕೆಲಸ. ಜನ ತರುವ ಅರ್ಜಿಗಳ ಮೂಲೆಯಲ್ಲಿ ಆ ದಿನದ ತಾರೀಖು ಬೀಳಬೇಕು, ಅಷ್ಟೆ. ಅರ್ಜಿಯಲ್ಲಿ ಏನಿದೆ ಎಂದು ಓದಬೇಕಾದ ಅಗತ್ಯ ಅವನಿಗಿರಲಿಲ್ಲ. ಓದಿದರೂ ಅವನ ಅಭಿಪ್ರಾಯ ಕೇಳುವವರು ಇರಲಿಲ್ಲ. ಮೂರು ವರ್ಷ ಅರ್ಥಶಾಸ್ತ್ರ ಓದಿದ ಕೈಗೆ ಕೊನೆಗೂ ದಕ್ಕಿದ ಆಯುಧಗಳೆಂದರೆ ಮರದ ಹಿಡಿಯ ಒಂದು ಮೊಹರು, ಒಂದು ಶಾಯಿ ಪ್ಯಾಡು. ಎರಡನೇ ದಿನಕ್ಕೇ ಕಚೇರಿಯವರು ಅವನ ಹೆಸರು ಮರೆತು 'ಮೊಹರು' ಎಂದು ಕರೆಯತೊಡಗಿದರು. ಮನೆಯಲ್ಲಿ ಈ ಸಂಕಟ ತೋಡಿಕೊಂಡಾಗ ಅಕ್ಕ, ಸದ್ಯ ಪ್ಯಾಡು ಅನ್ನಲಿಲ್ಲವಲ್ಲ ಎಂದು ಸಮಾಧಾನ ಮಾಡಿದಳು.

ಅವನ ಮೇಜು ಕಿಟಕಿಗೆ ಆತುಕೊಂಡಿತ್ತು. ಕಿಟಕಿಯಿಂದ ಕಚೇರಿಯ ಗೇಟು, ಅದರಾಚೆಗೆ ಬೀದಿ, ಬೀದಿಯಾಚೆಗೆ ಒಂದು ಹಳೆಯ ಫೋಟೋ ಸ್ಟುಡಿಯೋ, ಎಲ್ಲವೂ ಕಾಣುತ್ತಿದ್ದವು. ಮಧ್ಯಾಹ್ನ ಒಂದು ಗಂಟೆಯಾಗುತ್ತಲೇ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಬೀದಿಯ ಮೂಲೆಗೆ ಬಂದು ನಿಲ್ಲುತ್ತಿದ್ದಳು. ಕೈಯಲ್ಲೊಂದು ಕಪ್ಪು ಡಬ್ಬಿ. ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಮುಚ್ಚಳ ತೆರೆದು, ತಲೆ ಬಗ್ಗಿಸಿ ಒಳಗೆ ನೋಡುವಳು. ಹತ್ತು ನಿಮಿಷ, ಒಮ್ಮೊಮ್ಮೆ ಇಪ್ಪತ್ತು ನಿಮಿಷ ನೋಡುವಳು. ಆಮೇಲೆ ಏನನ್ನೂ ತಿನ್ನದೆ ಮುಚ್ಚಳ ಮುಚ್ಚಿ ಹೊರಟುಬಿಡುವಳು.

ಮೂರು ದಿನ ಇದನ್ನು ಕಂಡ ನಮ್ಮ ಮೊಹರಿಗೆ ಕರುಳು ಚುರ್ ಎಂದಿತು. ಪಾಪ, ಮಾನಸ್ಥೆ. ಮನೆಯಲ್ಲಿ ಒಲೆ ಉರಿದಿಲ್ಲ. ನಾಲ್ಕು ಜನರ ಎದುರಿಗೆ ಊಟದ ಹೊತ್ತಿನ ಶಾಸ್ತ್ರ ತಪ್ಪಬಾರದೆಂದು ಖಾಲಿ ಡಬ್ಬಿ ತಂದು ನೋಡಿಕೊಂಡು ಹೋಗುತ್ತಾಳೆ. ಇಷ್ಟು ದೊಡ್ಡ ಊರಿನಲ್ಲಿ ಇದು ತನ್ನೊಬ್ಬನ ಕಣ್ಣಿಗೆ ಬಿತ್ತಲ್ಲ ಎಂದು ಅವನಿಗೆ ತನ್ನ ಬಗ್ಗೆಯೇ ಕೊಂಚ ಗೌರವ ಮೂಡಿತು. ನಾಲ್ಕನೆಯ ದಿನ ತನ್ನ ಊಟದ ಡಬ್ಬಿ ಹಿಡಿದು ಕೆಳಗಿಳಿದ. ಹತ್ತಿರ ಹೋಗಿ, ದನಿ ತಗ್ಗಿಸಿ, ಮನೆಯಲ್ಲಿ ಜಾಸ್ತಿ ಕಟ್ಟಿದ್ದಾರೆ, ಬೇಜಾರು ಮಾಡ್ಕೋಬೇಡಿ, ದಯವಿಟ್ಟು ತಗೊಳ್ಳಿ ಎಂದ.

ಆಕೆ ತಲೆ ಎತ್ತಲಿಲ್ಲ.

"ಎರಡು ಹೆಜ್ಜೆ ಪಕ್ಕಕ್ಕೆ ಬಾಪ್ಪ. ಬೆಳಕಿಗೆ ಅಡ್ಡ ನಿಂತಿದ್ದೀಯ."

ಅವನು ಸರಿದ. ಡಬ್ಬಿಯೊಳಗಿಂದ 'ಕ್ಲಿಕ್' ಎಂದಿತು. ಆಗ ನೋಡುತ್ತಾನೆ, ಡಬ್ಬಿಯ ಮುಂಭಾಗದಲ್ಲಿ ಒಂದರ ಮೇಲೊಂದು ಎರಡು ಗಾಜಿನ ಕಣ್ಣು. ಮೇಲಿನಿಂದ ಬಗ್ಗಿ ನೋಡುವ ಹಳೆಯ ಕಾಲದ ಕ್ಯಾಮೆರಾ. ಆಕೆ ಕ್ಯಾಮೆರಾ ಮುಚ್ಚಿ, ಅವನ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು, ಸ್ಟುಡಿಯೋ ಮೆಟ್ಟಿಲ ಮೇಲೆ ಕುಳಿತು ಪೂರ್ತಿ ಉಂಡಳು. ಡಬ್ಬಿ ತೊಳೆದು ವಾಪಸು ಕೊಡುವಾಗ, ಉಪ್ಪು ಒಂದು ಚಿಟಿಕೆ ಕಡಿಮೆ ಎಂದು ನಿಮ್ಮ ಮನೆಯವರಿಗೆ ಹೇಳು ಎಂದಳು. ಮೊಹರು ಆ ದಿನ ಹಸಿದ ಹೊಟ್ಟೆಯಲ್ಲಿ ನೂರಾ ಹನ್ನೆರಡು ಅರ್ಜಿಗೆ ತಾರೀಖು ಒತ್ತಿದ. ಸಂಜೆ ಉಪ್ಪಿನ ಸುದ್ದಿ ಕೇಳಿದ ಅಕ್ಕ, ಅನ್ನದಾನ ಮಾಡೋನು ಅಡುಗೇನೂ ನೀನೇ ಮಾಡು ಎಂದು ಸೌಟು ಕೈಗಿಟ್ಟಳು.

ಬೀದಿಯವರಿಗೆಲ್ಲ ಆಕೆ 'ಟಚಿಂಗ್ ಅಮ್ಮ'. ಹಿಂದೆ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಸುಕ್ಕು, ಮೊಡವೆ, ಕಣ್ಣಿನ ಕೆಳಗಿನ ಕಪ್ಪು ತೆಗೆಯುವವರು ಒಬ್ಬರು ಇರುತ್ತಿದ್ದರು. ಆ ಕೆಲಸಕ್ಕೆ ಟಚಿಂಗ್ ಎಂದು ಹೆಸರು. ಪೆನ್ಸಿಲ್ಲಿನ ಸೀಸವನ್ನು ಉಪ್ಪುಕಾಗದಕ್ಕೆ ಉಜ್ಜಿ ಉಜ್ಜಿ ಸೂಜಿಯ ಹಾಗೆ ಮಾಡಬೇಕು, ಉಸಿರು ಬಿಗಿಹಿಡಿದು ಚುಕ್ಕಿ ಇಡಬೇಕು. ಕೈ ಒಂದು ಕೂದಲೆಳೆ ಜಾರಿದರೂ ಗಿರಾಕಿಯ ಕೆನ್ನೆಗೆ ಬಿಳಿ ಮಚ್ಚೆ. ಮೂವತ್ತೆಂಟು ವರ್ಷ ಆಕೆ ಊರಿನ ಮುಖಗಳನ್ನು ಇಸ್ತ್ರಿ ಮಾಡಿದ್ದಳು. ಬೋಳು ತಲೆಯವರು ಬಂದರೆ, ಪ್ರಿಂಟ್ ಒಣಗಿದ ಮೇಲೆ ಅದರ ಮೇಲೆಯೇ ಕೂದಲು ಬರೆದುಕೊಡುತ್ತಿದ್ದಳು. ಎಷ್ಟು ಬೇಕೋ ಅಷ್ಟು, ಬೈತಲೆ ಯಾವ ಕಡೆಗೆ ಬೇಕೋ ಆ ಕಡೆಗೆ.

ಈ ಕೆಲಸಕ್ಕೆ ಆಕೆ ಸೇರಿದ್ದೇ ಒಂದು ಜಗಳದಿಂದ. ಇಪ್ಪತ್ತೆರಡು ವರ್ಷದವಳಿದ್ದಾಗ ಮದುವೆಯ ಮಾತಿಗೆಂದು ಇದೇ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದ್ದರು. ಗದ್ದದ ಮೇಲೆ ಚಿಕ್ಕಂದಿನಲ್ಲಿ ಬಿದ್ದ ಗಾಯದ ಗೆರೆಯೊಂದಿತ್ತು. ಆಗಿನ ಮಾಲೀಕರು ಯಾರೂ ಕೇಳದಿದ್ದರೂ ಉಪಕಾರಕ್ಕೆಂದು ಅದನ್ನು ಅಳಿಸಿಬಿಟ್ಟರು. ಗಂಡಿನ ಕಡೆಯವರು ಬಂದು, ಫೋಟೋ ಒಂದು, ಹುಡುಗಿ ಇನ್ನೊಂದು ಎಂದು ಎದ್ದು ಹೋದರು. ಮಾರನೆಯ ದಿನ ಈಕೆ ಸ್ಟುಡಿಯೋಗೆ ನುಗ್ಗಿ, ನನ್ನ ಗದ್ದ ತಿದ್ದೋಕೆ ನೀವ್ಯಾರು ಎಂದು ಬೀದಿ ಸೇರುವ ಹಾಗೆ ಕೂಗಾಡಿದಳು. ಮಾಲೀಕರು ತಬ್ಬಿಬ್ಬಾಗಿ ಇನ್ನೇನೂ ತೋಚದೆ ಪೆನ್ಸಿಲ್ ಮುಂದಿಟ್ಟು, ಅಷ್ಟು ಸುಲಭ ಅಂದ್ಕೊಂಡಿದ್ದೀಯಾ, ನೀನೇ ಮಾಡಿ ತೋರಿಸು ಎಂದರು. ಆಕೆ ಕೂತಳು. ಕೂತವಳು ಏಳಲಿಲ್ಲ. ಆ ಜಗಳವನ್ನು ನೋಡುತ್ತ ನಿಂತಿದ್ದ ಒಬ್ಬ ಬಸ್ ಡ್ರೈವರ್ ಮುಂದೆ ಆಕೆಯ ಕೈಹಿಡಿದ. ಫೋಟೋ ನೋಡಿ ಒಪ್ಪಿಕೊಂಡವರು ಮೋಸ ಹೋಗಬಹುದು, ನಾನು ಜಗಳ ನೋಡಿ ಒಪ್ಪಿಕೊಂಡವನು, ನನಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಆತ ಇಂದಿಗೂ ಹೇಳುತ್ತಾನಂತೆ.

ಬೀದಿಯ ಫೋಟೋ ಶುರುವಾದದ್ದು ಕಣ್ಣಿನ ದೆಸೆಯಿಂದ. ಇಪ್ಪತ್ತಮೂರು ವರ್ಷದ ಹಿಂದೆ ಕಣ್ಣು ಉರಿಯತೊಡಗಿದಾಗ ಡಾಕ್ಟರು, ದಿನಾ ಮಧ್ಯಾಹ್ನ ಸ್ವಲ್ಪ ಹೊತ್ತು ದೂರದ್ದನ್ನು ನೋಡಮ್ಮ ಎಂದರು. ಸುಮ್ಮನೆ ದೂರ ನೋಡುತ್ತ ನಿಂತರೆ ಜನ ಏನಂದುಕೊಂಡಾರು ಎಂದು ಆಕೆ ಸ್ಟುಡಿಯೋದ ಮೂಲೆಯಲ್ಲಿ ಬಿದ್ದಿದ್ದ ಡಬ್ಬಿ ಕ್ಯಾಮೆರಾವನ್ನು ಕೇಳಿ ಪಡೆದಳು. ಒಂದು ರೋಲಿಗೆ ಹನ್ನೆರಡು ಚಿತ್ರ. ದಿನಕ್ಕೆ ಒಂದೇ, ಹನ್ನೆರಡು ದಿನಕ್ಕೆ ಒಂದು ರೋಲು. ಬೆಳಿಗ್ಗೆಯಿಂದ ಸಂಜೆಯವರೆಗೆ ಜನರ ಮುಖ ತಿದ್ದುತ್ತಿದ್ದವಳು ಈ ಚಿತ್ರಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕಾಗದದ ಲಕೋಟೆಯಲ್ಲಿ ನೆಗೆಟಿವ್ ಹಾಕಿ, ಮೇಲೆ ತಾರೀಖು ಬರೆದು, ಬಿಸ್ಕತ್ತಿನ ತಗಡಿನ ಡಬ್ಬಗಳಲ್ಲಿ ತುಂಬಿಡುತ್ತಿದ್ದಳು. ಈಗ ಟಚಿಂಗ್ ಎಲ್ಲ ಕಂಪ್ಯೂಟರಿನಲ್ಲಿ. ಆಕೆಯ ಪಾಲಿಗೆ ಉಳಿದದ್ದು ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಕೆಲಸ, ಮತ್ತೆ ಖಾಲಿ ಮಾಡಲು ಯಾರಿಗೂ ಪುರುಸೊತ್ತಿಲ್ಲದ್ದರಿಂದ ಹಾಗೇ ಉಳಿದ ಹಿಂದಿನ ಡಾರ್ಕ್‌ರೂಮು.

ಉಪ್ಪಿನ ಪ್ರಸಂಗದ ನಂತರ ಮೊಹರು ಅಲ್ಲಿಗೆ ಹೋಗಿ ಬರುವುದು ರೂಢಿಯಾಯಿತು. ಚಿತ್ರಗಳನ್ನು ನೋಡಿ ಮೊದಲು ಅವನಿಗೆ ಇದರಲ್ಲೇನಿದೆ ಎನಿಸಿತ್ತು. ಬಾಗಿಲೊಂದನ್ನು ತಲೆಯ ಮೇಲೆ ಹೊತ್ತು ರಸ್ತೆ ದಾಟುವವನು. ಬಾಗಿಲಿಗೆ ಚಿಲಕ ಹಾಕಿಯೇ ಇದೆ. ತೂಕದ ಯಂತ್ರದ ಮೇಲೆ ನಿಂತು, ಮುಳ್ಳು ನೋಡಿ, ಚಪ್ಪಲಿ ಬಿಟ್ಟು ಮತ್ತೆ ಹತ್ತುತ್ತಿರುವ ದಪ್ಪನೆಯ ಹೆಂಗಸು. ಬಸ್ಸಿನ ಕನ್ನಡಿಯಲ್ಲಿ ಮೀಸೆ ಬಾಚಿಕೊಳ್ಳುವ ಕಂಡಕ್ಟರು, ಅದೇ ಬಸ್ಸಿನ ಕಿಟಕಿಯಲ್ಲಿ ಅವನನ್ನೇ ದುರುಗುಟ್ಟಿ ನೋಡುತ್ತಿರುವ ಹನ್ನೊಂದು ಮುಖ. ಎರಡು ಸಲ ನೋಡಿದ ಮೇಲೆ ಅವನಿಗೆ ಬಿಡಿಸಿಕೊಳ್ಳಲಾಗಲಿಲ್ಲ. ಬಣ್ಣವಿದ್ದಿದ್ದರೆ ಸೀರೆ ಕಾಣುತ್ತಿತ್ತು, ಬಸ್ಸು ಕಾಣುತ್ತಿತ್ತು. ಕಪ್ಪು ಬಿಳುಪಿನಲ್ಲಿ ಮನುಷ್ಯರ ಅವಸರ ಮಾತ್ರ ಕಾಣುತ್ತದೆ ಎಂದು ಅವನು ಒಂದು ಮಾತು ಹೊಸೆದು ಹೇಳಿದ. ಬಣ್ಣದ ರೋಲು ದುಬಾರಿ ಕಣಪ್ಪ ಎಂದು ಟಚಿಂಗ್ ಅಮ್ಮ ಅವನ ಮಾತಿಗೆ ಅಲ್ಲೇ ನೀರೆರಚಿದಳು.

ಪ್ರಿಂಟ್ ಮಾಡುವುದನ್ನೂ ಕಲಿಸಿದಳು. ಕಲಿಸುವಾಗ ಒಂದೇ ಒಂದು ಸಂಗತಿ ಹತ್ತು ಸಲ ಹೇಳಿದಳು. ನೆಗೆಟಿವ್‌ಗೆ ಎರಡು ಮುಖ, ಒಂದು ಹೊಳೆಯುತ್ತದೆ, ಒಂದು ಮಂಕು. ಹೊಳೆಯುವುದು ಮೇಲೆ, ಮಂಕು ಕೆಳಗೆ. ಮೊಹರು ಒತ್ತುವವನಿಗೆ ಮೇಲೆ ಕೆಳಗೆ ಹೇಳಿಕೊಡಬೇಕೆ ಎಂದು ಇವನು ನಕ್ಕ. ಪದವೀಧರನ ನಗು.

ಇಷ್ಟರಲ್ಲಿ ಬೀದಿಗೆ ಒಂದು ಗಂಡಾಂತರ ಬಂತು. ರಸ್ತೆ ಬದಿಯಲ್ಲಿ ಕೂತು ದುಡಿಯುವವರ ಪಟ್ಟಿ ಮಾಡಬೇಕೆಂದು ಪಾಲಿಕೆ ತೀರ್ಮಾನಿಸಿತು. ಒಂದೇ ಜಾಗದಲ್ಲಿ ಹದಿನೈದು ವರ್ಷದಿಂದ ಕೂತಿದ್ದೇನೆ ಎಂದು ದಾಖಲೆ ತೋರಿಸಿದವರಿಗೆ ನಂಬರಿನ ಹಿತ್ತಾಳೆ ಬಿಲ್ಲೆ. ತೋರಿಸಲಾಗದವರು ಬಸ್ ಡಿಪೋ ಹಿಂದಿನ ಹೊಸ ಕಟ್ಟಡದ ಎರಡನೇ ಮಹಡಿಗೆ. ಕಚೇರಿಯ ಗೇಟಿನ ಆಚೀಚೆ ಇಬ್ಬರು ಕೂರುತ್ತಿದ್ದರು. ಬೀದಿಯಿಂದ ನೋಡಿದರೆ ಬಲಕ್ಕೆ ಬೀಗದ ಕೀಲಿ ಮಾಡುವವನು, ಎಡಕ್ಕೆ ಛತ್ರಿ ರಿಪೇರಿಯವನು. ಬೀಗದವನ ಹತ್ತಿರ ಗಟ್ಟಿ ದಾಖಲೆಯಿತ್ತು. ಹದಿನೆಂಟು ವರ್ಷದ ಹಿಂದೆ, ಇಲ್ಲಿ ಕೂರಬಾರದು ಎಂದು ಇದೇ ಕಚೇರಿ ಅವನಿಗೆ ದಂಡ ಹಾಕಿ ಕೊಟ್ಟ ರಸೀದಿ. ಅದನ್ನು ಅವನು ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡಿದ್ದ. ಛತ್ರಿಯವನು ಇಪ್ಪತ್ತೆರಡು ವರ್ಷದಿಂದ ಕೂತಿದ್ದರೂ ಪಾಲಿಕೆಯ ಗಾಡಿ ಬಂದಾಗಲೆಲ್ಲ ಮರ್ಯಾದೆಯಿಂದ ಎದ್ದು ನಿಂತು, ಹೋದ ಮೇಲೆ ಕೂತವನು. ಒಮ್ಮೆಯೂ ದಂಡ ಬಿದ್ದಿರಲಿಲ್ಲ. ಆದ್ದರಿಂದ ಕಾಗದದ ಲೆಕ್ಕದಲ್ಲಿ ಅವನು ಹುಟ್ಟಿಯೇ ಇರಲಿಲ್ಲ.

ಅವನ ಅರ್ಜಿಗೆ ಮೊಹರು ಒತ್ತಿದವನು ನಮ್ಮವನೇ. ಒತ್ತುವಾಗ ಅಪರೂಪಕ್ಕೆ ಓದಿದ. 'ದಾಖಲೆ' ಎಂಬ ಕಡೆ ಏನೂ ಇರಲಿಲ್ಲ. ಛತ್ರಿಯವನು ಮೇಜಿನಾಚೆ ನಿಂತು ಸಣ್ಣ ದನಿಯಲ್ಲಿ ಕೇಳಿದ.

"ಮಳೆ ಬರ್ತಿರುತ್ತೆ, ಛತ್ರಿ ಮುರಿದಿರುತ್ತೆ. ಯಾರು ಸ್ವಾಮಿ ಡಿಪೋ ಹಿಂದಕ್ಕೆ ನೆನ್ಕೊಂಡು ಹೋಗಿ ಎರಡು ಮಹಡಿ ಹತ್ತೋರು?"

ಮೊಹರಿಗೆ ತಗಡಿನ ಡಬ್ಬಗಳು ನೆನಪಾದವು. ಇಪ್ಪತ್ತಮೂರು ವರ್ಷ ದಿನಕ್ಕೊಂದರಂತೆ ಅದೇ ಮೂಲೆಯಿಂದ ತೆಗೆದ ಚಿತ್ರಗಳು. ಇದಕ್ಕಿಂತ ದೊಡ್ಡ ದಾಖಲೆ ಯಾವ ಕಚೇರಿಯಲ್ಲಿದೆ? ಅವನು ಊಟ ಬಿಟ್ಟು ಸ್ಟುಡಿಯೋಗೆ ಓಡಿದ. ಟಚಿಂಗ್ ಅಮ್ಮ ಗೊಣಗುತ್ತಲೇ ಡಬ್ಬಗಳನ್ನು ಇಳಿಸಿಕೊಟ್ಟಳು. ಮೂರು ದಿನ ಮಧ್ಯಾಹ್ನವೆಲ್ಲ ಇಬ್ಬರೂ ನೆಗೆಟಿವ್‌ಗಳನ್ನು ಕಿಟಕಿಗೆ ಹಿಡಿದು ನೋಡಿದರು. ಗೇಟು ಕಾಣುವ ಚಿತ್ರಗಳು ನೂರಾರು. ಗೇಟಿನ ಎಡಕ್ಕೆ, ಪ್ರತಿಯೊಂದರಲ್ಲೂ, ಬಿಚ್ಚಿ ಅಡ್ಡ ಹಿಡಿದ ಛತ್ರಿ. ಮನುಷ್ಯ ಇಲ್ಲ. ಬರೀ ಛತ್ರಿ, ಅದರ ಕೆಳಗೆ ಎರಡು ಪಾದ.

"ಮುಖ ಎಲ್ಲಿ?" ಎಂದ ಮೊಹರು.

"ಮುನಿಸಿಕೊಂಡಿದೆ" ಎಂದಳು ಟಚಿಂಗ್ ಅಮ್ಮ.

ಮುನಿಸಿನ ಕಥೆ ಆಮೇಲೆ ಹೊರಬಿತ್ತು. ಇಪ್ಪತ್ತೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಛತ್ರಿಯವನು ಗೋಡೆಗೆ ತಲೆ ಆನಿಸಿ, ಪೆಟ್ಟಿಗೆ ಮುಚ್ಚಿಟ್ಟು, ಹೊಟ್ಟೆಯ ಮೇಲೆ ಕೈ ಕಟ್ಟಿ, ಬಾಯಿ ಕಳೆದು ನಿದ್ದೆ ಹೋಗಿದ್ದ. ಆಕೆ ಅದನ್ನು ತೆಗೆದಳು. ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ ಮಾಲೀಕರು ಅದನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಇಟ್ಟರು. ಒಂದು ತಿಂಗಳು ಬೀದಿಗೆ ಬೀದಿಯೇ ಅವನ ಬಾಯೊಳಗೆ ಎಷ್ಟು ಹಲ್ಲಿದೆ ಎಂದು ಲೆಕ್ಕ ಹಾಕಿತು. ಅಂದಿನಿಂದ ಒಂದು ಗಂಟೆ ಹೊಡೆದರೆ ಸಾಕು, ಅವನು ಆಕೆ ನಿಲ್ಲುವ ಮೂಲೆಯ ಕಡೆಗೆ ಒಂದು ಛತ್ರಿ ಬಿಚ್ಚಿ ಅದರ ಹಿಂದೆ ಕೂತುಬಿಡುತ್ತಿದ್ದ. ಮಾತು ಬಿಟ್ಟು ಇಪ್ಪತ್ತೊಂದು ವರ್ಷ. ಆಕೆಗೆ ಅವನು 'ಛತ್ರಿ', ಅವನಿಗೆ ಆಕೆ 'ಡಬ್ಬಿ'. ತನ್ನ ಇರವಿಗೆ ಇದ್ದ ಒಂದೇ ಸಾಕ್ಷಿಯ ಎದುರು ಮನುಷ್ಯ ಅಷ್ಟೂ ವರ್ಷ ಮರೆ ಹಿಡಿದು ಕೂತಿದ್ದ.

ಅದಕ್ಕೂ ಮೊದಲು ಆಕೆ ಗೇಟಿನ ಕಡೆ ಕ್ಯಾಮೆರಾ ತಿರುಗಿಸಿರಲಿಲ್ಲ. ಹೀಗಾಗಿ ಮುಖ ಕಾಣುವುದು ಒಂದರಲ್ಲೇ: ಬಾಯಿ ಕಳೆದು ಮಲಗಿದ್ದರಲ್ಲಿ. ಅದರಲ್ಲೊಂದು ಅದೃಷ್ಟವೂ ಇತ್ತು. ಅವನ ಪಕ್ಕದ ಗೇಟು ಮರದ್ದು. ಹತ್ತೊಂಬತ್ತು ವರ್ಷದ ಹಿಂದೆ ಮರದ ಗೇಟು ಕಿತ್ತು ಕಬ್ಬಿಣದ್ದು ಹಾಕಿದರೆಂದು ಕಚೇರಿಯ ಕಡತದಲ್ಲೇ ಇದೆ. ಅಂದರೆ ಚಿತ್ರಕ್ಕೆ ಹತ್ತೊಂಬತ್ತು ವರ್ಷಕ್ಕಿಂತ ಹೆಚ್ಚು ವಯಸ್ಸು ಎಂದು ಕಚೇರಿಯೇ ಒಪ್ಪಬೇಕು.

ಮಾರನೆಯ ದಿನ ಟಚಿಂಗ್ ಅಮ್ಮ ಕಣ್ಣಿನ ಆಸ್ಪತ್ರೆಗೆ ಹೋಗುವವಳಿದ್ದಳು. ನಾನು ಬರುವವರೆಗೆ ಪ್ರಿಂಟ್ ಹಾಕಬೇಡ ಎಂದಿದ್ದಳು. ಆದರೆ ಛತ್ರಿಯವನ ಅರ್ಜಿಯ ವಿಚಾರಣೆ ಅದೇ ಮಧ್ಯಾಹ್ನ ಮೂರಕ್ಕೆ. ಮೇಲಾಗಿ ಮೊಹರಿಗೆ ತನ್ನ ಕೈಯಿಂದಲೇ ಒಬ್ಬ ಮನುಷ್ಯನ ಬದುಕು ನೆಟ್ಟಗಾಯಿತು ಎನಿಸಿಕೊಳ್ಳುವ ಚಪಲ. ಊಟದ ಹೊತ್ತಿನಲ್ಲಿ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಾಕಿಕೊಂಡು ನೆಗೆಟಿವ್ ಇಟ್ಟ, ಬೆಳಕು ಬಿಟ್ಟ, ಕಾಗದವನ್ನು ತಟ್ಟೆಯಲ್ಲಿ ಅಲುಗಾಡಿಸಿದ. ಔಷಧಿಯ ನೀರಿನಲ್ಲಿ ಮೊದಲು ಮೀಸೆ ಮೂಡಿತು, ಆಮೇಲೆ ಬಾಯಿ, ಆಮೇಲೆ ಗೇಟು. ಅವನ ಕಣ್ಣು ಒದ್ದೆಯಾಯಿತು. ತೊಳೆದು, ಒಣಗಿಸಿ, ಲಕೋಟೆಗೆ ಹಾಕಿ, ಮೂರಕ್ಕೆ ಐದು ನಿಮಿಷವಿರುವಾಗ ವಿಚಾರಣೆ ನಡೆಸುವ ವಾರ್ಡ್ ಸಾಹೇಬರ ಮೇಜಿನ ಮೇಲೆ ಇಟ್ಟ.

ಸಾಹೇಬರು ಚಿತ್ರ ನೋಡಿದರು. ಕಿಟಕಿಯಾಚೆಯ ಗೇಟು ನೋಡಿದರು. ಮತ್ತೆ ಚಿತ್ರ ನೋಡಿದರು. ನಿಧಾನದ ಮನುಷ್ಯ, ಸಹಿಯನ್ನೂ ಒಂದೊಂದೇ ಅಕ್ಷರ ಯೋಚಿಸಿ ಹಾಕುವವರು. ಕೊನೆಗೆ ಎದುರು ನಿಂತಿದ್ದ ಛತ್ರಿಯವನಿಗೆ, ಬೀದಿಯಿಂದ ನೋಡಿದರೆ ಇದರಲ್ಲಿರುವವನು ಗೇಟಿನ ಬಲಕ್ಕಿದ್ದಾನೆ, ನೀನು ಕೇಳುತ್ತಿರುವುದು ಎಡದ ಜಾಗ ಎಂದರು.

ಮೊಹರು ಚಿತ್ರದ ಮೇಲೆ ಬಗ್ಗಿದ. ಹೌದು, ಬಲಕ್ಕಿದ್ದ. ಮಂಕು ಮುಖ ಮೇಲೆ ಹೋಗಿತ್ತು. ನೆಗೆಟಿವ್ ತಿರುವುಮುರುವಾಗಿ ಇಡೀ ಬೀದಿ ಕನ್ನಡಿಯಲ್ಲಿ ಕಂಡ ಹಾಗೆ ಮಗುಚಿಕೊಂಡಿತ್ತು. ಬೋರ್ಡೊಂದು ಚಿತ್ರದಲ್ಲಿ ಬಿದ್ದಿದ್ದರೆ ಅಕ್ಷರ ನೋಡಿಯಾದರೂ ತಿಳಿಯುತ್ತಿತ್ತು. ಇದ್ದದ್ದು ಗೋಡೆ, ಗೇಟು, ಒಂದು ಬಾಯಿ. ಅವನು ಏನೋ ತೊದಲುವಷ್ಟರಲ್ಲಿ, ಸಾಕ್ಷಿಗೆಂದು ಬಂದು ಬೆಂಚಿನ ಮೇಲೆ ಕೂತಿದ್ದ ಬೀಗದವನು ಕತ್ತು ಉದ್ದ ಮಾಡಿ ಚಿತ್ರ ನೋಡಿದ. ಬಲಕ್ಕೆ ಕೂರುವವನು ತಾನೊಬ್ಬನೇ.

"ಅಯ್ಯೋ, ಇದು ನಾನೇ ಸಾರ್" ಎಂದ. "ಆಗ ಎಷ್ಟು ಸಣ್ಣಗಿದ್ದೆ ನೋಡಿ."

ಅವನು ಮೋಸಕ್ಕೆ ಹೇಳಿದ್ದಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಎಲ್ಲರೂ ಸಣ್ಣಗಿದ್ದರು, ಎಲ್ಲರಿಗೂ ಅದೇ ಮೀಸೆಯಿತ್ತು, ಬಾಯಿ ಕಳೆದು ಮಲಗಿದರೆ ಯಾರು ಯಾರ ಹಾಗೆ ಬೇಕಾದರೂ ಕಾಣುತ್ತಾರೆ. ಸಾಹೇಬರು ಕಡತದಲ್ಲಿ ಬರೆದುಕೊಂಡರು: ಚಿತ್ರವು ಬೀಗದವನ ಹಕ್ಕನ್ನು ಮತ್ತಷ್ಟು ದೃಢಪಡಿಸುತ್ತದೆ. ಛತ್ರಿಯವನು ಮೊಹರಿನ ಕಡೆ ತಿರುಗಿ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ನಾನು ಮಲಗಿದ್ದು ಊರೆಲ್ಲ ನೋಡಿತು ಸ್ವಾಮಿ, ಆವತ್ತಾದರೂ ಅದು ನಾನೇ ಆಗಿದ್ದೆ ಎಂದಷ್ಟೇ ಅಂದ.

ಮೊಹರು ಬೆವರುತ್ತ ತಪ್ಪು ತನ್ನದೆಂದು ಒಪ್ಪಿಕೊಂಡ. ನೆಗೆಟಿವ್ ಇದೆ, ಎರಡು ದಿನ ಕೊಡಿ ಎಂದು ಅಂಗಲಾಚಿದ. ಕಚೇರಿಯ ನೌಕರ ಅರ್ಜಿದಾರನ ಫೋಟೋ ತೊಳೆಯುವುದು ಯಾವ ನಿಯಮದಲ್ಲಿದೆ ಎಂದು ಸಾಹೇಬರು ಕೇಳಿದರು. ಯಾವುದರಲ್ಲೂ ಇರಲಿಲ್ಲ. ಕೊನೆಗೆ, ಶುಕ್ರವಾರ ಚಿತ್ರ ತೆಗೆದವರೇ ನೆಗೆಟಿವ್ ತಂದು ಹೇಳಲಿ, ಇಲ್ಲವಾದರೆ ಕಡತ ಮುಚ್ಚುತ್ತೇನೆ ಎಂದು ಎದ್ದರು.

ಸಂಜೆ ಆಸ್ಪತ್ರೆಯಿಂದ ಬಂದ ಟಚಿಂಗ್ ಅಮ್ಮ ಪ್ರಿಂಟನ್ನು ಕೈಗೆತ್ತಿಕೊಂಡು ಒಂದು ಕ್ಷಣವೂ ನೋಡಬೇಕಾಗಲಿಲ್ಲ. ಕಣ್ಣಿಗೆ ಔಷಧಿ ಹಾಕಿ ಎಲ್ಲ ಮಂಜುಮಂಜಾಗಿದ್ದರೂ ತಪ್ಪು ಕಂಡಿತು.

"ಅಂಗಿ ಜೇಬು ಬಲಗಡೆ ಇದೆ. ಯಾವ ದರ್ಜಿ ಹೊಲಿದದ್ದು ಇದನ್ನ?"

ಮೊಹರು ತನ್ನ ಅಂಗಿ ನೋಡಿಕೊಂಡ. ಜೇಬು ಎಡಗಡೆ ಇತ್ತು. ಹುಟ್ಟಿದಾಗಿನಿಂದ ಎಲ್ಲ ಅಂಗಿಗೂ ಎಡಗಡೆಯೇ ಇತ್ತು. ಅದು ಅವನಿಗೆ ಗೊತ್ತಾದದ್ದು ಈಗ. ಆಕೆ ಬೈಯಲಿಲ್ಲ, ಆದರೆ ಶುಕ್ರವಾರ ಬರುತ್ತೇನೆಂದೂ ಅನ್ನಲಿಲ್ಲ. ಫೋಟೋ ತೆಗೆದದ್ದು ಕಣ್ಣಿನ ಆರೋಗ್ಯಕ್ಕೆ, ಕಚೇರಿ ಹತ್ತಿಳಿಯುವುದಕ್ಕಲ್ಲ. ಬೇಕಾದವನು ತಾನೇ ಬಂದು ಕೇಳಲಿ ಎಂದಳು. ಛತ್ರಿಯವನಿಗೆ ಈ ಮಾತು ಮುಟ್ಟಿಸಿದರೆ ಅವನು, ಹಾಗಾದರೆ ಎರಡನೇ ಮಹಡಿಯೇ ವಾಸಿ ಎಂದ. ಒಂದು ಇಡೀ ದಿನ ಮೊಹರು ಬೀದಿಯ ಈ ಬದಿಯಿಂದ ಆ ಬದಿಗೆ ಓಡಾಡಿ ಚಪ್ಪಲಿ ಸವೆಸಿದ. ಅಕ್ಕ ಇದನ್ನೆಲ್ಲ ಕೇಳಿ, ಮನೆಯಲ್ಲಿ ಒಂದು ಸಣ್ಣ ಕೆಲಸ ಹೇಳಿದರೆ ಕಾಲು ನೋವು ಅಂತೀಯಲ್ಲ ಎಂದಳು.

ಗುರುವಾರ ಮಧ್ಯಾಹ್ನ ಛತ್ರಿಯವನು ಬಂದ. ಸ್ಟುಡಿಯೋದ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಕೂತಿದ್ದ ಆಕೆಯನ್ನು ನೋಡದೆ ಮೊಹರಿಗೆ ಹೇಳಿದ, ನಾಳೆ ಬರಬೇಕಂತೆ ಅಂತ ಅವರಿಗೆ ಹೇಳಪ್ಪ. ಕೇಳಿಸಿತು ಅಂತ ಅವರಿಗೆ ಹೇಳು ಎಂದಳು ಆಕೆ, ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ. ಮೊಹರು ಎರಡನ್ನೂ ಆ ಕಡೆ ಈ ಕಡೆ ಮುಟ್ಟಿಸಿದ. ಒತ್ತುವ ಕೆಲಸದ ಅಭ್ಯಾಸವಿದ್ದವನಿಗೆ ಅದೇನೂ ಕಷ್ಟವಾಗಲಿಲ್ಲ. ಹೀಗೆ ನಾಲ್ಕೈದು ಸಲ ಆದ ಮೇಲೆ ಛತ್ರಿಯವನು ನೇರವಾಗಿ ಆಕೆಯ ಕಡೆ ತಿರುಗಿದ.

"ಯಾಕಮ್ಮ ಅದನ್ನ ಗಾಜಿನೊಳಗೆ ಇಟ್ರಿ? ನನ್ನ ಮಗಳು ಶಾಲೆಯಿಂದ ದಿನಾ ಅದರ ಮುಂದೇನೇ ಬರ್ತಿದ್ದಳು."

ಕತ್ತರಿಸುವ ಯಂತ್ರ ನಿಂತಿತು.

"ಇಟ್ಟಿದ್ದು ಮಾಲೀಕರು. ತೆಗೀರಿ ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ. ಚೆನ್ನಾಗಿ ಬಂದಿತ್ತು."

"ನಿಮಗೆ ಚೆನ್ನಾಗಿತ್ತು."

"ಹೌದಪ್ಪ, ನನಗೆ."

ಕ್ಷಮೆ ಕೇಳುತ್ತಾಳೇನೋ ಎಂದು ಮೊಹರು ಕಾದ, ಆಕೆ ಕೇಳಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಆಕೆಯ ಛತ್ರಿಯ ಒಂದು ಕಡ್ಡಿ ಮುರಿದು ಬಟ್ಟೆಯಿಂದಾಚೆ ಚಾಚಿಕೊಂಡಿತ್ತು. ಛತ್ರಿಯವನು ಅದನ್ನು ನೋಡಿದ. ವೃತ್ತಿಯವನ ಕಣ್ಣಿಗೆ ಅದು ಸಹಿಸಲಾಗದ ನೋಟವಾಗಿರಬೇಕು. ಕೇಳದೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟ. ಎಷ್ಟು ಹೊತ್ತಿಗೆ ನಾಳೆ ಎಂದು ಆಕೆ ಹಿಂದಿನಿಂದ ಕೇಳಿದಳು. ಮೂರಕ್ಕೆ ಎಂದ, ತಿರುಗದೆ.

ಛತ್ರಿಯವನಿಗೆ ಬಿಲ್ಲೆ ಸಿಕ್ಕಿತು ಎಂಬುದನ್ನು ಇಲ್ಲೇ ಹೇಳಿಬಿಡಬಹುದು. ನಲವತ್ತೊಂದನೇ ನಂಬರು, ಈಗಲೂ ಪೆಟ್ಟಿಗೆಯ ಮುಚ್ಚಳಕ್ಕೆ ಹೊಡೆದಿದ್ದಾನೆ. ಸಿಕ್ಕಿದ್ದು ಹೇಗೆ ಎಂಬುದಷ್ಟೇ ಉಳಿದಿದೆ.

ಶುಕ್ರವಾರ ಸಾಹೇಬರ ಕೋಣೆಯಲ್ಲಿ ಛತ್ರಿಯವನು, ಬೀಗದವನು, ಮೊಹರು ಮೂವರೂ ಗೋಡೆಗೆ ಒತ್ತಿ ನಿಂತಿದ್ದರು. ಟಚಿಂಗ್ ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ಲಕೋಟೆಯಿಂದ ನೆಗೆಟಿವ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಹೀಗೆ ಹಿಡಿದರೆ ಎಡಕ್ಕಿದ್ದಾನೆ, ತಿರುಗಿಸಿದರೆ ಬಲಕ್ಕೆ. ಯಾವುದು ಸರಿ ಅನ್ನೋದನ್ನ ಜೇಬು ಹೇಳುತ್ತದೆ, ಎಲ್ಲರೂ ನಿಮ್ಮ ನಿಮ್ಮ ಜೇಬು ನೋಡಿಕೊಳ್ಳಿ ಎಂದಳು. ಕೋಣೆಯಲ್ಲಿದ್ದ ಅಷ್ಟೂ ಗಂಡಸರು ಗದ್ದ ಎದೆಗಿಟ್ಟು ತಂತಮ್ಮ ಜೇಬು ನೋಡಿಕೊಂಡರು. ಸಾಹೇಬರು ಜೇಬಿನಲ್ಲಿದ್ದ ಪೆನ್ನನ್ನು ಮುಟ್ಟಿಯೂ ನೋಡಿದರು. ಬೀಗದವನು ನಿಟ್ಟುಸಿರಿಟ್ಟು, ಹಾಗಾದರೆ ಇದು ನಾನಲ್ಲ, ನಾನು ಅಷ್ಟು ಸಣ್ಣಗೆ ಯಾವತ್ತೂ ಇರಲಿಲ್ಲವೇನೋ ಎಂದು ಒಪ್ಪಿಕೊಂಡ. ಗೇಟಿನ ಕಡತವೂ ಬಂತು, ಹತ್ತೊಂಬತ್ತು ವರ್ಷವೂ ತಾಳೆಯಾಯಿತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ತೆಗೆದವರು ನಿಲ್ಲಿಸಿ, ಮುಚ್ಚಳವನ್ನು ಮತ್ತೆ ಹಾಕಿದರು.

ನಿಧಾನದ ಮನುಷ್ಯನ ತಲೆಯಲ್ಲಿ ಏನೋ ಸುತ್ತುತ್ತಿದೆ ಎಂದು ಮೊಹರಿಗೆ ಹೊಳೆಯಿತು. ಅದು ಏನೆಂಬುದೂ ಹೊಳೆಯಿತು. ಇಡೀ ಬೀದಿಗೆ ಗೊತ್ತಿರುವ ಸಂಗತಿ ಸಾಹೇಬರಿಗೂ ಗೊತ್ತಿರಲೇಬೇಕಲ್ಲ.

"ಅಮ್ಮ, ತಪ್ಪು ತಿಳೀಬೇಡಿ" ಎಂದರು ಸಾಹೇಬರು. "ಈಗ ನೀವೇ ತೋರಿಸಿದಿರಿ, ಮನುಷ್ಯ ಎಡಕ್ಕೂ ಇರ್ತಾನೆ, ಬಲಕ್ಕೂ ಇರ್ತಾನೆ. ಅದರ ಮೇಲೆ ನಿಮ್ಮ ಕಸುಬೇ ಫೋಟೋ ತಿದ್ದೋದು. ಮೂವತ್ತೆಂಟು ವರ್ಷ ಇಲ್ಲದ ಕೂದಲು ಬರೆದಿದ್ದೀರಿ, ಇರೋ ಸುಕ್ಕು ಅಳಿಸಿದ್ದೀರಿ. ಹೀಗಿರುವಾಗ ಇವನನ್ನೂ ಪೆನ್ಸಿಲ್‌ನಲ್ಲಿ ತಂದು ಕೂರಿಸಿಲ್ಲ ಅಂತ ನಾನು ಹೇಗೆ ನಂಬಲಿ?"

ಛತ್ರಿಯವನು ನೆಲ ನೋಡುತ್ತಿದ್ದ. ಟಚಿಂಗ್ ಅಮ್ಮ ನೆಗೆಟಿವನ್ನು ಲಕೋಟೆಯೊಳಗೆ ಸರಿಸಿ, ಲಕೋಟೆಯನ್ನು ಮೇಜಿನ ಮೇಲಿಟ್ಟಳು.

"ತಿದ್ದಿಸಿಕೊಂಡೋರೆಲ್ಲ ಕೂಲಿ ಕೊಟ್ಟಿದ್ದಾರೆ, ಸಾಹೇಬ್ರೆ. ಇವನು ಇಪ್ಪತ್ತೆರಡು ವರ್ಷದಲ್ಲಿ ಒಂದು ಲೋಟ ಟೀ ಕೊಡಿಸಿಲ್ಲ. ಬಿಟ್ಟಿ ಕೆಲಸಕ್ಕೆ ನಾನು ಪೆನ್ಸಿಲ್ ಚೂಪು ಮಾಡೋಳಲ್ಲ."